ಯಾರೂ ಮುಟ್ಟದ ತಂತಿ

ಮದ್ದೂರಿನ ನಮ್ಮ ಬೀದಿಯಲ್ಲಿ ನನಗೆ ತಿಳಿದಂತೆ ಕಳ್ಳತನವಾದದ್ದು ಒಂದೇ ಸಲ. ಕಳುವಾದದ್ದು ನೆರೆಮನೆಯ ಒಂದು ಹಿತ್ತಾಳೆ ಚೊಂಬು. ಅದೂ ಸಂಜೆಯೊಳಗೆ ನಮ್ಮ ಮನೆಯ ಬಚ್ಚಲಲ್ಲೇ ಸಿಕ್ಕಿತು. ನನ್ನ ಹೆಂಡತಿ ಇಂದ್ರಮ್ಮ ನಾಚಿಕೆಯಿಂದ ಕೆಲವು ದಿನ ನೀರಿಗೂ ಹೊರಗೆ ಬರಲಿಲ್ಲ. ಇಂಥ ಬೀದಿಯಲ್ಲಿದ್ದುಕೊಂಡು ಕಸ್ತೂರಿರಂಗನವರು ತಮ್ಮ ಮನೆಗೆ ಕಳ್ಳರ ಗಂಟೆ ಕಟ್ಟಿಸಿದರು. ರಾಜ್ಯದ ಹೆಸರು ಬದಲಾದ ಮರುವರ್ಷದ ಮಾತು. ಅದಕ್ಕೆ ಕಾರಣ ಕಳ್ಳರಲ್ಲ, ಅವರ ಹೆಂಡತಿ.

ತಪ್ಪು ತಿಳಿಯಬೇಡಿ. ವೇದವತಿಯಂಥ ಹೆಣ್ಣುಮಗಳು ನಮ್ಮ ಬೀದಿಯಲ್ಲಿ ಇನ್ನೊಬ್ಬಳಿರಲಿಲ್ಲ. ಆಕೆಯ ತವರು ಮಳವಳ್ಳಿ. ತಂಗಿಯ ಬಾಣಂತನಕ್ಕೆಂದು ಆಕೆ ತವರಿಗೆ ಹೊರಟ ದಿನ ನಾನೂ ಬಸ್ ಸ್ಟ್ಯಾಂಡಿನಲ್ಲಿದ್ದೆ, ಎದುರು ಮನೆಯವನೆಂಬ ತಪ್ಪಿಗೆ ಅವರ ಟ್ರಂಕು ಹೊತ್ತುಕೊಂಡು. ಕಿಟಕಿಯ ಪಕ್ಕ ಕುಳಿತ ಮೇಲೆ ಆಕೆ ಗಂಡನನ್ನು ಕೇಳಿದಳು, ನಾನಿಲ್ಲದೆ ನಿಮಗೆ ತೊಂದರೆಯಾಗುವುದಿಲ್ಲವೇ ಎಂದು. ಇಂಥ ಪ್ರಶ್ನೆಗೆ ಏನು ಉತ್ತರ ಕೊಡಬೇಕೆಂಬುದನ್ನು ಮದುವೆಯಾದ ಯಾವ ಗಂಡಸಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಬಸ್ಸಿನ ತುಂಬ ಜನ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ. ನೀರಾವರಿ ಕಚೇರಿಯಲ್ಲಿ ಗುಮಾಸ್ತರಾಗಿ ದಿನವಿಡೀ ತಲೆ ತಗ್ಗಿಸಿಕೊಂಡೇ ಇರುವ ಆ ಬಡಕಲು ಮನುಷ್ಯನಿಗೆ ಅವತ್ತು ಎಲ್ಲಿಲ್ಲದ ಗಂಡಸುತನ ಬಂದುಬಿಟ್ಟಿತು.

"ನನಗೇನು ತೊಂದರೆ?" ಎಂದರು ಗಟ್ಟಿಯಾಗಿ. "ನೀನು ಎಷ್ಟು ದಿನ ಬೇಕಾದರೂ ಇರು."

ವೇದವತಿಯ ಮುಖ ಸಣ್ಣಗಾಯಿತು. ಆಕೆ ಸೆರಗು ಸರಿಮಾಡಿಕೊಂಡು, ದೇವರ ಬೆಳ್ಳಿ ಸಾಮಾನೆಲ್ಲ ಮನೆಯಲ್ಲೇ ಇದೆ, ಮನೆ ಒಂಟಿ ಬಿಟ್ಟು ಎಲ್ಲೂ ಹೋಗಬೇಡಿ ಎಂದಷ್ಟೇ ಹೇಳಿದಳು. ಬಸ್ಸು ಹೊರಟಿತು. ಕಸ್ತೂರಿರಂಗನವರು ಗೆದ್ದವರಂತೆ ನನ್ನ ಕಡೆ ನೋಡಿದರು. ನನಗೆ ಅವರನ್ನು ಅಲ್ಲೇ ಟ್ರಂಕಿನ ಹಾಗೆ ಎತ್ತಿ ಬಸ್ಸಿನ ಮೇಲೆ ಹಾಕಬೇಕೆನ್ನಿಸಿತ್ತು. ಹಾಕಿದ್ದರೆ ಮುಂದಿನ ರಗಳೆ ಒಂದೂ ಆಗುತ್ತಿರಲಿಲ್ಲ.

ಬಾಣಂತನ ಮುಗಿಯಿತು. ತಂಗಿ ಮಗುವನ್ನೆತ್ತಿಕೊಂಡು ಗಂಡನ ಮನೆಗೂ ಹೋದಳು. ವೇದವತಿ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ತವರಿಗೆ ಹೋದ ಹೆಣ್ಣನ್ನು ಗಂಡನ ಮನೆಯವರು ಹೂವು ಹಣ್ಣು ಹಿಡಿದು ಹೋಗಿ ಕರೆತರಬೇಕು. ಕರೆಯದೆ ತಾನಾಗಿ ಬಂದರೆ, ತವರಿನಲ್ಲಿ ಅನ್ನ ಹುಟ್ಟಲಿಲ್ಲವೇನೋ ಎಂದು ಇಲ್ಲಿಯವರು ಆಡಿಕೊಳ್ಳುತ್ತಾರೆ, ಗಂಡನಿಗೆ ಬೇಡವಾದವಳೇನೋ ಎಂದು ಅಲ್ಲಿಯವರು. ಕಸ್ತೂರಿರಂಗನವರಿಗೆ ತಂದೆ ತಾಯಿ ಇಲ್ಲ, ಅಕ್ಕ ಅತ್ತಿಗೆ ಇಲ್ಲ. ಕರೆಯಬೇಕಾದವರು ಅವರೇ. ಹೋದರೆ ಅಳಿಯನನ್ನು ಒಂದು ರಾತ್ರಿಯಾದರೂ ಉಳಿಸಿಕೊಳ್ಳದೆ ಅತ್ತೆ ಕಳಿಸುವುದಿಲ್ಲ. ಉಳಿದರೆ ಮನೆ ಒಂಟಿ. ಮನೆ ಒಂಟಿ ಬಿಡಬೇಡಿ ಎಂದು ಹೇಳಿ ಹೋದವಳೂ ಆಕೆಯೇ. ಬೆಳ್ಳಿ ಸಾಮಾನನ್ನು ನಮ್ಮ ಮನೆಯಲ್ಲಿಟ್ಟು ಹೋಗಿ ಎಂದು ಇಂದ್ರಮ್ಮ ಹೇಳಿ ನೋಡಿದಳು. ದೇವರ ಪಾತ್ರೆ ಹೊಸ್ತಿಲು ದಾಟಬಾರದಂತೆ. ಚೊಂಬಿನ ಪ್ರಕರಣವೂ ಅವರ ಮನಸ್ಸಿನಲ್ಲಿ ಇತ್ತೋ ಏನೋ, ಬಾಯಿಬಿಟ್ಟು ಹೇಳಲಿಲ್ಲ.

ದಿನಾ ಸಂಜೆ ನಮ್ಮ ಜಗಲಿಯ ಮೇಲೆ ಕುಳಿತು, ಒಂಟಿಯಾಗಿರುವುದರಲ್ಲಿ ಎಷ್ಟು ಸುಖವಿದೆ ಎಂದು ವಿವರಿಸುತ್ತಿದ್ದರು. ಯಾರ ಗೊಡವೆಯಿಲ್ಲ, ಬೇಕಾದಾಗ ಊಟ, ಬೇಕಾದಾಗ ನಿದ್ದೆ. ಹೀಗೆ ಹೇಳುತ್ತ ಹೇಳುತ್ತ ಮಳವಳ್ಳಿ ಬಸ್ಸು ಬರುವ ಹೊತ್ತಾಯಿತೆಂದರೆ ಮಾತು ಅರ್ಧಕ್ಕೆ ನಿಲ್ಲಿಸಿ, ಬೆಂಕಿಪೊಟ್ಟಣ ತರಬೇಕು ಎಂದು ಎದ್ದು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದರು. ಬಸ್ಸಿನಿಂದ ಕೊನೆಯವನು ಇಳಿಯುವವರೆಗೂ ನಿಂತಿದ್ದು, ಒಂದು ಬೆಂಕಿಪೊಟ್ಟಣ ಹಿಡಿದುಕೊಂಡು ನಿಧಾನವಾಗಿ ಬರುತ್ತಿದ್ದರು. ಆ ಮನುಷ್ಯ ಬೀಡಿ ಸೇದುವವನೂ ಅಲ್ಲ. ನೋಡಿದರೆ ಕರುಳು ಚುರ್ ಎನ್ನುತ್ತಿತ್ತು, ಎರಡು ಬಾರಿಸಬೇಕೆಂದೂ ಅನ್ನಿಸುತ್ತಿತ್ತು.

ಈ ಸಂಕಟಕ್ಕೆ ಪರಿಹಾರ ಹುಡುಕಿದವನು ಬಸ್ ಸ್ಟ್ಯಾಂಡ್ ಬಳಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಮುದ್ದಯ್ಯ. ಅವನು ಬಿಚ್ಚಿದ ರೇಡಿಯೊಗಳಲ್ಲಿ ಮತ್ತೆ ಹಾಡಿದವು ಕಡಿಮೆ. ಆದರೆ ಬಾಯಿ ಮಾತ್ರ ಯಾವ ಸ್ಟೇಷನ್ನಿಗೂ ಕಮ್ಮಿಯಿಲ್ಲದಂತೆ ಬರುತ್ತಿತ್ತು. ಹಿತ್ತಿಲ ಗೋಡೆಯ ಮೇಲೆ ಎರಡು ತಾಮ್ರದ ತಂತಿ ಎಳೆಯುವುದು, ಒಂದರ ಮೇಲೊಂದು, ನಡುವೆ ಎರಡು ಬೆರಳಿನ ಜಾಗ. ಕಳ್ಳ ಗೋಡೆ ಹತ್ತಿ ಮೇಲಿನ ತಂತಿಯನ್ನು ಅದುಮಿದ ಕೂಡಲೇ ಅದು ಕೆಳಗಿನ ತಂತಿಗೆ ತಾಗಿ, ಮನೆಯೊಳಗಿನ ಗಂಟೆ ಹೊಡೆದುಕೊಳ್ಳುತ್ತದೆ. ಕರೆಂಟನ್ನು ನಂಬುವ ಹಾಗಿಲ್ಲವಾದ್ದರಿಂದ ಟಾರ್ಚಿನ ಸೆಲ್ಲುಗಳು. ಸೆಲ್ಲು ಸುಮ್ಮನೆ ಖರ್ಚಾಗದಿರಲೆಂದು ಒಳಗೆ ಒಂದು ಸ್ವಿಚ್ಚು. ಊರು ಬಿಟ್ಟು ಹೋಗುವಾಗ ಹಾಕಿ, ಬಂದಾಗ ಆರಿಸಿದರೆ ಆಯಿತು. ಗಂಟೆಯನ್ನು ಮುಚ್ಚಿಹೋದ ಒಂದು ಟೆಂಟ್ ಸಿನಿಮಾದಿಂದ ತಂದಿದ್ದ. ಅದರ ಸದ್ದು ಶಿಂಷಾ ಹೊಳೆಯ ಆಚೆ ದಡಕ್ಕೂ ಕೇಳುತ್ತಿತ್ತು.

ಕಸ್ತೂರಿರಂಗನವರು ಮನೆಮನೆಗೆ ಹೋಗಿ ಗಂಭೀರವಾಗಿ ತಿಳಿಸಿ ಬಂದರು. ಈ ತಂತಿಯನ್ನು ಯಾರೂ ಮುಟ್ಟಬಾರದು. ಮಕ್ಕಳು ಮುಟ್ಟಬಾರದು, ದೊಡ್ಡವರು ಮುಟ್ಟಬಾರದು, ಮರೆತೂ ಮುಟ್ಟಬಾರದು. ಅವರ ಮನೆಗೂ ಪಕ್ಕದ ಮನೆಗೂ ಸೇರಿ ಒಂದೇ ಹಿತ್ತಿಲು, ಒಂದೇ ಬಾವಿ. ಪಕ್ಕದ ಮನೆಯಲ್ಲಿ ರಂಗನಾಯಕಮ್ಮ ಎಂಬ ವಯಸ್ಸಾದ ಹೆಂಗಸು ಒಬ್ಬರೇ ಇದ್ದರು. ಕಿವಿ ಸ್ವಲ್ಪ ಮಂದ, ಮಡಿ ಬಹಳ ಜೋರು. ಅವರ ಬಲಗಿವಿಯ ಬಳಿ ನಿಂತು ಕಸ್ತೂರಿರಂಗನವರು ಇದನ್ನೇ ಎರಡು ಸಲ ಕೂಗಿ ಹೇಳಿದರಂತೆ. ಅವರು ಸಂತೋಷದಿಂದ ತಲೆಯಾಡಿಸಿದರಂತೆ.

ಭಾನುವಾರ ಬಂತು. ಕಸ್ತೂರಿರಂಗನವರು ಇಸ್ತ್ರಿ ಮಾಡಿಸಿದ ಷರಟು ಹಾಕಿ, ಚೀಲದಲ್ಲಿ ಹೂವು ಹಣ್ಣು ಇಟ್ಟುಕೊಂಡು, ಸ್ವಿಚ್ಚು ಹಾಕಿ, ಬೀಗವನ್ನು ಮೂರು ಸಲ ಜಗ್ಗಿ ನೋಡಿ ಹೊರಟರು. ಮುಖದಲ್ಲಿ ಮದುವೆಯ ದಿನದ ಕಳೆ ಇತ್ತು. ಅವರು ಬೀದಿಯ ಕೊನೆ ಮುಟ್ಟಿರಲಿಲ್ಲ, ಗಂಟೆ ಹೊಡೆದುಕೊಂಡಿತು.

ವಾರಕ್ಕೊಮ್ಮೆ ಎಣ್ಣೆಸ್ನಾನ ಮಾಡುವ ಭಾಗ್ಯ ನನ್ನಂಥ ಸ್ಕೂಲು ಮೇಷ್ಟರಿಗೆ ಭಾನುವಾರ ಮಾತ್ರ. ಮೈತುಂಬ ಹರಳೆಣ್ಣೆ ಸುರಿಸಿಕೊಂಡೇ ದೊಣ್ಣೆ ಹಿಡಿದು ಓಡಿದೆ. ಇಡೀ ಬೀದಿಯೇ ಓಡಿತು. ಸಿನಿಮಾ ಶುರುವಾಯಿತೆಂದು ಆಚೆ ಬೀದಿಯ ಕೆಲವರೂ ಬಂದರು. ನಾವು ಹಿತ್ತಿಲಿಗೆ ನುಗ್ಗಿದ್ದೇ ತಡ, ಗಂಟೆ ತಾನಾಗಿ ನಿಂತುಹೋಯಿತು. ರಂಗನಾಯಕಮ್ಮ ಒದ್ದೆ ಸೀರೆಯೊಂದನ್ನು ಎದೆಗವಚಿಕೊಂಡು, ನಮ್ಮನ್ನೆಲ್ಲ ದುರುಗುಟ್ಟಿ ನೋಡಿ, ಮೈ ಮುದುರಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಡಿಯಲ್ಲಿರುವವರನ್ನು ಮಾತಾಡಿಸುವ ಧೈರ್ಯ ಯಾರಿಗಿದೆ? ನನಗಂತೂ ಇಲ್ಲ, ಅದೂ ಮೈಯಿಂದ ಎಣ್ಣೆ ತೊಟ್ಟಿಕ್ಕುತ್ತಿರುವಾಗ.

ಕಸ್ತೂರಿರಂಗನವರು ಏದುಸಿರು ಬಿಡುತ್ತ ಬಂದು ಬೀಗ ತೆಗೆದರು. ಬೀದಿಯ ಜನವೆಲ್ಲ ಒಳಗೆ ನುಗ್ಗಿತು. ಕಳ್ಳನಿರಲಿಲ್ಲ. ಇದ್ದದ್ದು ಒಲೆಯ ಮೇಲೆ ತಳ ಸೀದ ಪಾತ್ರೆ, ಮೂಲೆಯಲ್ಲಿ ಬೆಂಕಿಪೊಟ್ಟಣಗಳ ರಾಶಿ, ಮತ್ತು ಅಡಿಗೆಮನೆಯ ಕಟ್ಟೆಯ ಮೇಲೆ ಕಾಫಿಯ ಎರಡು ಲೋಟ. ಎರಡು ಲೋಟ ನೋಡಿ ನೆರೆದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರು ಬಂದಿದ್ದರು ಎಂದು ಇಂದ್ರಮ್ಮ ಕೇಳಿಯೇಬಿಟ್ಟಳು. ಯಾರೂ ಬಂದಿಲ್ಲ, ಕೈ ರೂಢಿಯಂತೆ ಎರಡು ಮಾಡಿಬಿಡುತ್ತದೆ, ಆಮೇಲೆ ಎರಡನ್ನೂ ನಾನೇ ಕುಡಿಯುತ್ತೇನೆ ಎಂದು ಅವರು ನೆಲ ನೋಡುತ್ತ ಹೇಳಿದರು. ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಹೊರಗೆ ಬಂದುಬಿಟ್ಟೆವು.

ಅಷ್ಟರಲ್ಲಿ ಠಾಣೆಯಿಂದ ಪೇದೆ ತಿಮ್ಮಯ್ಯ ಬಂದ. ಏನು ಕಳುವಾಗಿದೆ ಎಂದು ಕೇಳಿ, ಏನೂ ಇಲ್ಲವೆಂದು ತಿಳಿದು ಅವನಿಗೆ ಅವಮಾನವಾಯಿತು.

"ಅಲ್ಲಾ ಸ್ವಾಮಿ, ಏನೂ ಓಗಿಲ್ಲ ಅಂದ್ರೆ ಕಳ್ಳ ಯಾತಕ್ಕೆ ಬಂದ?" ಎಂದ. "ಏನಾರ ಒಂದು ಓಗಿದ್ರೆ ನಂಗೂ ಒಂದು ದಾರಿ ಇರ್ತಿತ್ತು. ಓಗ್ಲಿ, ಯಾರ ಮ್ಯಾಲಾದ್ರೂ ಅನುಮಾನ ಐತಾ?"

ಅನುಮಾನಕ್ಕೆ ಮುದ್ದಯ್ಯ ಸಿಕ್ಕಿದ. ಅವನನ್ನು ಕರೆಸಿದರು. ಅವನು ತಂತಿಯನ್ನು ಬೆರಳಿಂದ ಮೀಟಿ, ಕಣ್ಣು ಮುಚ್ಚಿ ಆಲಿಸಿ, ಇದು ಬೆಕ್ಕಿನ ಕೆಲಸ ಎಂದ. ಬೆಕ್ಕು ಹತ್ತದಂತೆ ಗೋಡೆಯ ಹೊರಮೈಗೆ ಮುಳ್ಳು ಹೊದಿಸಿದರು. ಆಮೇಲೆ ಸಂಜೆ ಸಂಜೆ ಸ್ವಿಚ್ಚು ಹಾಕಿ ಪರೀಕ್ಷೆ ಮಾಡಿದರು. ಗಂಟೆ ಉಸಿರೆತ್ತಲಿಲ್ಲ. ಮುದ್ದಯ್ಯ ಮೇಲಿನ ತಂತಿಯನ್ನು ಅದುಮಿದಾಗ ಹೊಡೆಯಿತು, ಬಿಟ್ಟಾಗ ನಿಂತಿತು. ಇದಕ್ಕಿಂತ ಸಾಧುವಾದ ಗಂಟೆ ಮಂಡ್ಯ ಜಿಲ್ಲೆಯಲ್ಲೇ ಇಲ್ಲವೆಂದು ಅವನು ಪ್ರಮಾಣ ಮಾಡಿದ.

ಮುಂದಿನ ಭಾನುವಾರ ಕಸ್ತೂರಿರಂಗನವರು ಬಸ್ ಸ್ಟ್ಯಾಂಡಿನವರೆಗೂ ಮುಟ್ಟಿದರು. ಬಸ್ಸು ಹತ್ತಿದರು, ಸೀಟೂ ಸಿಕ್ಕಿತು, ಟಿಕೆಟ್ಟೂ ಕೊಂಡರು. ನಾನು ತಲೆಗೆ ಎಣ್ಣೆ ಒತ್ತಿಕೊಳ್ಳುತ್ತಿದ್ದೆ. ಗಂಟೆ ಹೊಡೆಯಿತು. ಮತ್ತೆ ದೊಣ್ಣೆ, ಮತ್ತೆ ಓಟ. ನಾವು ಹಿತ್ತಿಲು ಹೊಕ್ಕಾಗ ಮತ್ತೆ ಗಂಟೆ ನಿಂತಿತು. ರಂಗನಾಯಕಮ್ಮ ಮತ್ತೆ ನಮ್ಮನ್ನು ಶಪಿಸುವಂತೆ ನೋಡಿ ಒಳಗೆ ಹೋದರು. ತಿಮ್ಮಯ್ಯ ಸೈಕಲ್ಲಿನಲ್ಲಿ ಹೋಗಿ ಹೊರಟಿದ್ದ ಬಸ್ಸನ್ನು ಕೈಯಡ್ಡ ಹಿಡಿದು ನಿಲ್ಲಿಸಿ ಕಸ್ತೂರಿರಂಗನವರನ್ನು ಇಳಿಸಿಕೊಂಡು ಬಂದ. ಪೇದೆಯ ಸೈಕಲ್ಲಿನ ಹಿಂದೆ ಹೂವಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತು ಬಂದ ಅವರನ್ನು ಕಂಡು, ಇವರೇ ಏನೋ ಕದ್ದರೆಂದು ಅರ್ಧ ಪೇಟೆ ತಿಳಿಯಿತು.

ಈ ಸಲ ಮುದ್ದಯ್ಯನ ತನಿಖೆಯಲ್ಲಿ ಬೆಕ್ಕು ಬಿಡುಗಡೆಯಾಗಿ ಹಲ್ಲಿ ಸಿಕ್ಕಿಬಿತ್ತು. ಹಲ್ಲಿಯಲ್ಲವೆಂದು ಇಂದ್ರಮ್ಮ ವಾದಿಸಿದ ಮೇಲೆ ಅವನು ಗಾಳಿಯ ಮೇಲೆ ಹೊರಿಸಿದ.

"ಗಂಟೇದು ತಪ್ಪಿಲ್ಲ ಸ್ವಾಮಿ. ಒಳೆ ಕಡೆಯಿಂದ ತಂಡಿ ಗಾಳಿ ಬತ್ತದಲ್ಲ, ಅದು ತಂತಿ ಒಳಕ್ಕೆ ಓಯ್ತದೆ. ನಾನೇನು ಗಾಳಿ ರಿಪೇರಿ ಮಾಡ್ಲಾ?"

ಗಾಳಿ ಸುದ್ದಿಯನ್ನೂ ಒಯ್ಯಿತು. ಆ ಬಸ್ಸಿನ ಕಂಡಕ್ಟರು ಮದ್ದೂರಿನಲ್ಲಿ ಕಂಡದ್ದನ್ನು ಮಳವಳ್ಳಿಗೆ ಮುಟ್ಟಿಸುವಾಗ ಅದಕ್ಕೆ ಸ್ವಲ್ಪ ಒಗ್ಗರಣೆ ಹಾಕಿದ. ಮರುದಿನವೇ ವೇದವತಿಯ ತಮ್ಮ ಚಲುವನಾರಾಯಣ ಬಂದಿಳಿದ. ಕಸ್ತೂರಿರಂಗನವರ ಮುಖ ಅರಳಿತು. ಅವನ ಹಿಂದೆ ಇನ್ನೂ ಯಾರಾದರೂ ಬರುತ್ತಿದ್ದಾರೇನೋ ಎಂದು ಬೀದಿಯ ತುದಿಯವರೆಗೆ ನೋಡಿದರು. ಯಾರೂ ಇರಲಿಲ್ಲ. ಚಲುವನಾರಾಯಣ ಬೆಳ್ಳಿ ಸಾಮಾನನ್ನೆಲ್ಲ ಇಳಿಸಿ, ಎಣಿಸಿ, ಮತ್ತೆ ಮೇಲಿಟ್ಟ. ಅಕ್ಕ ಇದನ್ನೇ ನೋಡಿಕೊಂಡು ಬರಲು ಹೇಳಿದಳು ಎಂದ.

"ಬೇರೆ ಏನಾದರೂ ಕೇಳಿದಳೇ?" ಎಂದರು ಕಸ್ತೂರಿರಂಗನವರು.

"ಬೇರೆ ಏನೂ ಇಲ್ಲ ಭಾವ."

ಅವನಿಗೆ ಮಧ್ಯಾಹ್ನದ ಬಸ್ಸಿಗೇ ಹಿಂದಿರುಗಬೇಕಿತ್ತು. ಮೆಟ್ಟಿಲು ಇಳಿಯುವಾಗ, ನೀವು ಬಂದು ಕರೆದರೆ ಅಕ್ಕ ಬರುತ್ತಾಳೆ, ಕರೆಯದೆ ಕಳಿಸುವುದಿಲ್ಲವೆಂದು ಅಮ್ಮ ಹಟ ಹಿಡಿದಿದ್ದಾರೆ ಎಂದು ಹೇಳಿಹೋದ. ಅವತ್ತು ಸಂಜೆ ಕಸ್ತೂರಿರಂಗನವರು ನಮ್ಮ ಜಗಲಿಗೆ ಬರಲಿಲ್ಲ, ಬೆಂಕಿಪೊಟ್ಟಣಕ್ಕೂ ಹೋಗಲಿಲ್ಲ. ಇಂದ್ರಮ್ಮ ಒಂದು ಬಟ್ಟಲು ಹಣ್ಣು ಹೆಚ್ಚಿ ನನ್ನ ಕೈಲಿ ಕಳಿಸಿದಳು. ಹೋಗಿ ನೋಡಿದರೆ ದೀಪ ಹಾಕದೆ ಕುಳಿತಿದ್ದರು. ಈ ಭಾನುವಾರ ಗಂಟೆ ಹೊಡೆದರೂ ನಿಮ್ಮನ್ನು ಕರೆಯುವುದಿಲ್ಲ, ಧೈರ್ಯವಾಗಿ ಹೋಗಿ ಎಂದು ಮಾತು ಕೊಟ್ಟೆ. ಮೇಷ್ಟರ ಮಾತೆಂದು ಅವರು ನಂಬಿದರು.

ಬೀದಿಗೆಲ್ಲ ಹೇಳಿಟ್ಟೆ. ಭಾನುವಾರ ಅವರು ಹೊರಟರು. ಬಸ್ಸು ಹೊರಟ ಸದ್ದೂ ಕೇಳಿಸಿತು. ನಾನು ಎಣ್ಣೆ ಹಚ್ಚಿಕೊಂಡು ಬಚ್ಚಲ ಮುಂದೆ ನೆಮ್ಮದಿಯಾಗಿ ಕುಳಿತೆ. ಗಂಟೆ ಹೊಡೆಯಿತು. ಬೀದಿಯಲ್ಲಿ ಒಬ್ಬನೂ ಅಲುಗಲಿಲ್ಲ. ನಾವೆಲ್ಲ ಎಷ್ಟು ಬಿಗಿಯಾಗಿ ಕುಳಿತಿದ್ದೆವೆಂದರೆ ನಿಜವಾದ ಕಳ್ಳ ಬಂದಿದ್ದರೆ ಬಾಗಿಲು ಕಿತ್ತು ಒಯ್ಯಬಹುದಿತ್ತು. ಆದರೆ ಗಂಟೆಯೂ ಹಟ ಹಿಡಿಯಿತು. ಹಿಂದಿನ ಎರಡು ಸಲದಂತೆ ನಿಲ್ಲಲಿಲ್ಲ. ಹೊಡೆಯಿತು, ಹೊಡೆಯಿತು, ಹೊಡೆಯುತ್ತಲೇ ಇತ್ತು. ಕೊಟ್ಟಿಗೆಯಲ್ಲಿ ಎಮ್ಮೆ ಹಗ್ಗ ಕಿತ್ತುಕೊಂಡಿತು. ಯಾರದೋ ಮನೆಯ ಮಗು ಅಳು ನಿಲ್ಲಿಸದಾಯಿತು. ಕೊನೆಗೆ ತಿಮ್ಮಯ್ಯ ಬಂದು ನಮ್ಮ ಬಾಗಿಲಲ್ಲಿ ನಿಂತ.

ಇಬ್ಬರೂ ಹಿತ್ತಿಲಿಗೆ ಹೋದೆವು. ಕಳ್ಳರ ತಂತಿಯ ಮೇಲೆ, ಈ ಕೊನೆಯಿಂದ ಆ ಕೊನೆಯವರೆಗೆ, ಒಂಬತ್ತು ಗಜದ ಒದ್ದೆ ಸೀರೆಯೊಂದು ನೀರು ತೊಟ್ಟಿಕ್ಕಿಸುತ್ತ ಹರಡಿಕೊಂಡಿತ್ತು. ಅದರ ಭಾರಕ್ಕೆ ಮೇಲಿನ ತಂತಿ ಜಗ್ಗಿ ಕೆಳಗಿನದರ ಮೇಲೆ ಕುಳಿತುಬಿಟ್ಟಿತ್ತು. ಪಕ್ಕದಲ್ಲೇ ಮಣೆ ಹಾಕಿಕೊಂಡು ರಂಗನಾಯಕಮ್ಮ ಜಪ ಮಾಡುತ್ತಿದ್ದರು. ಎರಡು ವಾರದಿಂದ ಜನ ನುಗ್ಗಿ ಮಡಿ ಕೆಡಿಸುತ್ತಿದ್ದರಾದ್ದರಿಂದ ಈ ವಾರ ಕಾವಲಿಗೆ ಕುಳಿತಿದ್ದರು.

ಬೆಕ್ಕು, ಹಲ್ಲಿ, ಗಾಳಿ ಎಲ್ಲರಿಗೂ ನಾನು ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡೆ. ಬೆಳಗಿನ ಹೊತ್ತು ಹಿತ್ತಿಲಿನಲ್ಲಿ ಸೀರೆ ಒಣಗುವುದು ನಮ್ಮ ಬೀದಿಯ ಯಾರ ಕಣ್ಣಿಗೂ ಬೀಳುವ ಸಂಗತಿಯೇ ಅಲ್ಲ. ಕಸ್ತೂರಿರಂಗನವರು ಕಚೇರಿಗೆ ಹೋದ ಮೇಲೆ ದಿನಾ ಅಲ್ಲೇ ಒಣಗುತ್ತಿತ್ತಂತೆ. ಸ್ವಿಚ್ಚು ಆರಿರುತ್ತಿದ್ದುದರಿಂದ ಗಂಟೆ ಸುಮ್ಮನಿರುತ್ತಿತ್ತು. ಅಮ್ಮಾ, ಅದು ಕಳ್ಳರಿಗೆ ಕಟ್ಟಿದ ತಂತಿ, ಸೀರೆ ತೆಗೆಯಿರಿ ಎಂದು ನಾನು ದೂರದಿಂದಲೇ ಕೂಗಿದೆ. ಅವರು ಜಪ ಮುಗಿಯುವವರೆಗೆ ಕೈ ಅಡ್ಡ ಹಿಡಿದು, ಆಮೇಲೆ ಹೇಳಿದರು:

"ನನ್ನ ಬಟ್ಟೆ ಒಣಹಾಕೋ ಗಳೂನ ಯಾರು ಯಾರು ಮುಟ್ಟುತಾರೋ ಅಂತ ನನಗೆ ವರ್ಷಗಟ್ಟಲೆಯಿಂದ ಅನುಮಾನ ಕಣಪ್ಪ. ಈ ತಂತೀನ ಮಾತ್ರ ಯಾರೂ ಮುಟ್ಟಬಾರದು ಅಂತ ಕಸ್ತೂರೀನೇ ಮನೆಮನೆಗೂ ಹೋಗಿ ಹೇಳಿಬಂದಿದಾನೆ. ಇದಕ್ಕಿಂತ ಮಡಿಯಾದ ಜಾಗ ಈ ಮದ್ದೂರಲ್ಲಿ ಇನ್ನೆಲ್ಲಿದೆ? ಒಣಗಲಿ, ತೆಗೀತೀನಿ."

ಮೇಲೆ ನೋಡಿದೆ. ಶ್ರಾವಣದ ಮೋಡ. ಆ ಸೀರೆ ಸಂಜೆಗೂ ಒಣಗುವ ಲಕ್ಷಣವಿರಲಿಲ್ಲ. ಗಂಟೆಯ ಮಾತೆತ್ತಿದರೆ, ಅದು ಕಸ್ತೂರಿಯ ಮನೆಯದು, ಅವನನ್ನೇ ಕೇಳಿ ಎಂದರು. ಸೀರೆಯನ್ನು ಮುಟ್ಟಿ ತೆಗೆಯುವ ಗಂಡಸು ನಮ್ಮಿಬ್ಬರಲ್ಲಿ ಯಾರೂ ಇರಲಿಲ್ಲ. ಮುದ್ದಯ್ಯ ನೆಂಟರ ಮನೆಗೆಂದು ಕೊಪ್ಪಕ್ಕೆ ಹೋಗಿದ್ದ. ಸ್ವಿಚ್ಚು ಬೀಗದ ಒಳಗೆ, ಬೀಗದ ಕೈ ಮಳವಳ್ಳಿ ಬಸ್ಸಿನಲ್ಲಿ.

"ಬೀಗ ಒಡುದ್ರೆ ನಾನೇ ಕಳ್ಳ ಆಯ್ತೀನಿ," ಎಂದ ತಿಮ್ಮಯ್ಯ. "ನೀವೇ ಓಗಿ ಮೇಷ್ಟ್ರೇ. ಬೀಗದ ಕೈ ಇಸ್ಕೊಂಬನ್ನಿ."

ನಾನು ಮಾತು ಕೊಟ್ಟಿದ್ದೇನೆ, ಅವರನ್ನು ಕರೆಯುವುದಿಲ್ಲ ಎಂದೆ. ಹಿತ್ತಿಲ ಬಾಗಿಲಲ್ಲಿ ಬಂದು ನಿಂತಿದ್ದ ಇಂದ್ರಮ್ಮ ನನ್ನ ಷರಟನ್ನು ನನ್ನ ಮೇಲೆಸೆದಳು.

"ಅವರನ್ನ ಯಾರು ಕರೀರಿ ಅಂದ್ರು? ಬೀಗದ ಕೈ ಮಾತ್ರ ಇಸ್ಕೊಳ್ಳಿ. ಅವರು ಓಗಿ ಎಡ್ತಿ ಕರ್ಕೊಂಡು ಬರ್ಲಿ. ಆವಮ್ಮ ಎಷ್ಟು ದಿನ ಅಂತ ದಾರಿ ನೋಡ್ಬೇಕು?"

ಎಣ್ಣೆ ಮೈಗೆ ಷರಟು ಅಂಟಿಸಿಕೊಂಡು ರಸ್ತೆಗೆ ಬಂದೆ. ತಿಮ್ಮಯ್ಯ ಕಬ್ಬು ತರಲು ಖಾಲಿ ಹೊರಟಿದ್ದ ಒಂದು ಲಾರಿಯನ್ನು ನಿಲ್ಲಿಸಿ ನನ್ನನ್ನು ಹತ್ತಿಸಿದ. ಡ್ರೈವರು ನನ್ನ ವಾಸನೆಗೆ ಮೂಗು ಮುಚ್ಚಿಕೊಂಡು ಬಿರುಸಾಗಿ ಬಿಟ್ಟ. ದಾರಿಯುದ್ದಕ್ಕೂ ನಾನು ಮನುಷ್ಯಕುಲವನ್ನೆಲ್ಲ ಬೈದುಕೊಂಡೆ; ಗಂಡಂದಿರನ್ನು ಮೊದಲು, ಆಮೇಲೆ ಮುದ್ದಯ್ಯನನ್ನು, ಆಮೇಲೆ ಮಡಿಯನ್ನು. ಚಿಕ್ಕರಸಿನಕೆರೆಯಲ್ಲಿ ಬಸ್ಸು ಸಿಕ್ಕಿತು. ದೇವಸ್ಥಾನಕ್ಕೆ ಬಂದವರು ಇಳಿಯುವುದು ಹತ್ತುವುದು ಮಾಡುತ್ತಿದ್ದರು. ಎದುರಿಗೆ ಮಳವಳ್ಳಿ ಕಡೆಯಿಂದ ಬಂದ ಇನ್ನೊಂದು ಬಸ್ಸೂ ನಿಂತಿತ್ತು.

ಎರಡು ಬಸ್ಸಿನ ನಡುವೆ, ಚೀಲ ಹಿಡಿದುಕೊಂಡು, ಕಸ್ತೂರಿರಂಗನವರು ನಿಂತಿದ್ದರು. ಅವರ ಎದುರಿಗೆ ವೇದವತಿ ನಿಂತಿದ್ದಳು. ಆಗತಾನೇ ಆಕೆಯೂ ಇಳಿದು ಬಂದಿದ್ದಳು, ಕೈಯಲ್ಲಿ ಟ್ರಂಕಿಲ್ಲ, ಗಂಟಿಲ್ಲ, ತಲೆಗೆ ಹೂವೂ ಇಲ್ಲ. ಉಟ್ಟ ಸೀರೆಯಲ್ಲೇ ಬಂದವಳಂತೆ ಕಂಡಳು. ಒಬ್ಬರನ್ನೊಬ್ಬರು ಕಿಟಕಿಯಲ್ಲಿ ನೋಡಿ ಇಬ್ಬರೂ ಇಳಿದುಬಿಟ್ಟಿದ್ದರು. ನಾನು ಬೀಗದ ಕೈ ಕೇಳಲೆಂದು ಹತ್ತಿರ ಹೋದವನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.

"ತಮ್ಮ ನೋಡಿಕೊಂಡು ಬಂದ ಮೇಲೆ ನಿಮ್ಮನ್ನ ಕಂಬಕ್ಕೆ ಕಟ್ಟಿ ಹೊಡೆದರಂತೆ?" ಎಂದಳು ವೇದವತಿ. ಆಕೆಯ ಕಣ್ಣು ಗಂಡನ ತಲೆಯಿಂದ ಕಾಲಿನವರೆಗೆ ಹುಡುಕುತ್ತಿತ್ತು.

"ಇಲ್ಲವಲ್ಲ."

"ತಲೆ ಒಡೆದು ಆಸ್ಪತ್ರೆಗೆ ಸೇರಿಸಿದಾರೆ ಅಂತ ಇವತ್ತು ಬೆಳಗ್ಗೆ ಹೇಳಿದರು."

"ಇಲ್ಲ ವೇದ. ನನಗೇನೂ ಆಗಿಲ್ಲ."

ಏನೂ ಆಗಿಲ್ಲವೆಂದು ಕೇಳಿ ಆಕೆ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಅದರಲ್ಲಿ ಸಿಟ್ಟು ತುಂಬಿತ್ತು. ಗಂಡ ಕೈಕಾಲು ನೆಟ್ಟಗಿಟ್ಟುಕೊಂಡು, ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಎದುರಿಗೆ ನಿಂತದ್ದನ್ನು ಅಷ್ಟು ದೊಡ್ಡ ಅಪರಾಧವಾಗಿ ನೋಡಿದ ಹೆಂಡತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಏನೂ ಆಗಿಲ್ಲದಿದ್ದರೆ ನಾನು ಯಾಕೆ ಬಂದೆ? ಅಮ್ಮ ಬಾಗಿಲಿಗೆ ಅಡ್ಡ ನಿಂತರು. ಕರೆಯದೆ ಹೋಗಬೇಡ, ಜನ ಏನಂತಾರೆ ಅಂದರು. ಕೈ ತಳ್ಳಿ ಬಂದೆ. ನಾನಿಲ್ಲದಿದ್ದರೆ ನಿಮಗೇನೂ ತೊಂದರೆ ಇಲ್ಲ ಅಂತ ಆವತ್ತೇ ಹೇಳಿದ್ರಿ. ಇವತ್ತೂ ಇಲ್ಲ. ಸರಿ."

ಆಕೆ ತಿರುಗಿದಳು. ಕಂಡಕ್ಟರುಗಳು ಇಬ್ಬರೂ ಶೀಟಿ ಬಾಯಿಗಿಟ್ಟುಕೊಂಡಿದ್ದರು, ಊದಿರಲಿಲ್ಲ. ಎರಡು ಬಸ್ಸಿನ ಕಿಟಕಿಗಳ ತುಂಬ ತಲೆಗಳು. ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದಕ್ಕಿಂತ ಹೆಚ್ಚು ಜನ ನೋಡುತ್ತಿದ್ದರು. ಈ ಮನುಷ್ಯ ಇಲ್ಲೂ ಏನಾದರೂ ಗಂಡಸುತನ ತೋರಿಸಿದರೆ ಈ ಸಲ ಬಾರಿಸಿಯೇ ಬಿಡುವುದೆಂದು ನಾನು ಷರಟಿನ ತೋಳು ಮಡಚಿಕೊಂಡೆ.

"ಇದೆ," ಎಂದರು ಕಸ್ತೂರಿರಂಗನವರು. ಎಲ್ಲರಿಗೂ ಕೇಳಿಸಿತು. "ತೊಂದರೆ ಇದೆ. ಬೆಳಗಾದರೆ ಇದೆ,‌ ಸಂಜೆಯಾದರೆ ಇದೆ. ನೀನಿಲ್ಲದೆ ನನಗೆ ಆಗೋದಿಲ್ಲ ವೇದ. ಕರೆಯೋದಕ್ಕೇ ಹೊರಟಿದ್ದೆ. ಮನೆಗೆ ಬಾ."

ವೇದವತಿ ನಿಂತಳು. ಬೆನ್ನು ನಮ್ಮ ಕಡೆಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡದ್ದು ತಿಳಿಯಿತು. ಆಮೇಲೆ ತಿರುಗಿ ಚೀಲವನ್ನು ಅವರ ಕೈಯಿಂದ ತೆಗೆದುಕೊಂಡು ಬಗ್ಗಿ ನೋಡಿದಳು. ಹೂವು ಬಾಡಿತ್ತು, ಹಣ್ಣು ನಜ್ಜಾಗಿತ್ತು. ಚೀಲವನ್ನು ಕೈಯಲ್ಲೇ ಇಟ್ಟುಕೊಂಡಳು.

"ಹೀಗೆ ರಸ್ತೆಯಲ್ಲಿ ಕರೆದರೆ ಆಗೋಲ್ಲ," ಎಂದಳು. "ಅಮ್ಮನ ಎದುರಿಗೆ ಕರೀಬೇಕು. ಈಗ ಹೇಳಿದಿರಲ್ಲ, ಅದನ್ನೇ ಹೇಳಬೇಕು. ನಡೀರಿ."

ಹೀಗೆಂದು ಆಕೆ ತಾನು ಬಂದ ಬಸ್ಸನ್ನು ಬಿಟ್ಟು, ಗಂಡ ಬಂದ ಬಸ್ಸನ್ನು ಹತ್ತಿದಳು. ಕಸ್ತೂರಿರಂಗನವರು ಹಿಂದೆಯೇ ಹೊರಟರು. ಆಗ ನನಗೆ ಬಂದ ಕೆಲಸ ನೆನಪಾಗಿ ಅಡ್ಡ ಹೋದೆ. ಗಂಟೆ ನಿಂತಿಲ್ಲ, ಬೀಗದ ಕೈ ಬೇಕು ಎಂದೆ. ಏಕೆ, ಏನು ಎಂದು ಅವರು ಕೇಳಲಿಲ್ಲ. ಮೂರು ಸಲ ಬೀಗ ಜಗ್ಗಿ ನೋಡುತ್ತಿದ್ದ ಆ ಮನುಷ್ಯ ಜೇಬಿನಿಂದ ಗೊಂಚಲನ್ನು ತೆಗೆದು, ನನ್ನ ಮುಖವನ್ನೂ ನೋಡದೆ, ನನ್ನ ಎಣ್ಣೆ ಕೈಗೆ ಹಾಕಿ ಬಸ್ಸು ಹತ್ತಿಬಿಟ್ಟರು.

ವೇದವತಿ ಮುಂದುಗಡೆ ಹೆಂಗಸರ ಸೀಟಿನಲ್ಲಿ ಕುಳಿತಿದ್ದಳು. ಅವರು ಆಕೆಯ ಪಕ್ಕ ಕಂಬಿ ಹಿಡಿದು ನಿಂತರು. ಹಿಂದೆ ಸೀಟುಗಳು ಖಾಲಿ ಇವೆ, ಹೋಗಿ ಕುಳಿತುಕೊಳ್ಳಿ ಎಂದು ಕಂಡಕ್ಟರು ಹೇಳಿದ. ಪರವಾಗಿಲ್ಲ, ಇಲ್ಲೇ ಇರುತ್ತೇನೆ ಎಂದರು. ಬಸ್ಸು ತಿರುವು ದಾಟುವವರೆಗೂ ಅವರು ಹಾಗೇ ನಿಂತಿದ್ದುದು ಕಾಣಿಸುತ್ತಿತ್ತು.

ಮದ್ದೂರು ಕಡೆಯ ಬಸ್ಸಿನಲ್ಲಿ ವೇದವತಿ ಬಿಟ್ಟು ಹೋದ ಜಾಗದಲ್ಲಿ ನಾನು ಕುಳಿತೆ. ಜನ ನನ್ನ ಮೈ ನೋಡಿ ಸರಿದು ಕುಳಿತರು. ಬೀಗದ ಕೈಗಳ ಗೊಂಚಲು ತೊಡೆಯ ಮೇಲಿತ್ತು. ಗಂಟೆಯ ಯೋಚನೆ ಒಮ್ಮೆಯೂ ಬರಲಿಲ್ಲ. ಇಂದ್ರಮ್ಮ ಎಲ್ಲಿಗೂ ಹೋಗಿರಲಿಲ್ಲ. ಈಗತಾನೇ ಷರಟು ಎಸೆದು ಕಳಿಸಿದವಳು, ಮನೆಯಲ್ಲೇ ಇದ್ದಳು. ಆದರೂ ಆ ಬಸ್ಸು ಯಾಕಿಷ್ಟು ನಿಧಾನವಾಗಿ ಹೋಗುತ್ತಿದೆ ಎಂದು ನಾನು ಕಂಡಕ್ಟರನನ್ನು ಎರಡು ಸಲ ಕೇಳಿದೆ.